ಮೆಲುದನಿಯ ಗಟ್ಟಿಮೇಳ

ತಪ್ಪು ಮಾಡುವವರನ್ನು ನಾನು ಹೇಗೋ ಸಹಿಸಿಕೊಂಡುಬಿಡುತ್ತೇನೆ. ತಿದ್ದುವವರನ್ನು ಕಂಡರೆ ಮಾತ್ರ ಮೈ ಉರಿಯುತ್ತದೆ. ತಪ್ಪು ಮಾಡಿದವನು ಒಂದು ಸಲ ಮಾಡಿ ಸುಮ್ಮನಾಗುತ್ತಾನೆ, ತಿದ್ದುವವನಿಗೆ ದಣಿವೆಂಬುದೇ ಇಲ್ಲ. ನಮ್ಮ ಅತ್ತೆ ಇರುವ ತನಕ ನನ್ನ ಉಪ್ಸಾರು ತಿದ್ದಿದರು. ಬ್ಯಾಂಕಿನಲ್ಲಿ ಒಬ್ಬರು ನನ್ನ ಸಹಿಯನ್ನು ನನಗೇ ತೋರಿಸಿ, "ಅಮ್ಮ, ಇದು ನಿಮ್ಮ ಸಹಿ ಥರ ಇಲ್ಲ, ಸರಿಯಾಗಿ ಹಾಕಿ" ಎಂದಿದ್ದಾರೆ. ಇಷ್ಟೆಲ್ಲ ತಿದ್ದಿಸಿಕೊಂಡೂ ಹೀಗೇ ಉಳಿದಿರುವವಳು ನಾನು. ತಿದ್ದುವ ಕೆಲಸಕ್ಕೆಂದೇ ಹುಟ್ಟಿದ ಕಂಪ್ಯೂಟರ್ ವಿದ್ಯೆಯೊಂದು ಮನೆಗೆ ಬಂದಾಗ ಬಾಗಿಲು ಹಾಕಿಕೊಳ್ಳಬೇಕಿತ್ತು. ಹಾಕಿಕೊಳ್ಳಲಿಲ್ಲ. ಕುರ್ಚಿ ಎಳೆದುಕೊಂಡು ಅದರ ಮುಂದೆ ಕೂತೆ.

ನಮ್ಮದು ಪಾಂಡವಪುರದಲ್ಲಿ ಮೈಕ್‌ಸೆಟ್ಟಿನ ಮನೆ. ನಮ್ಮ ಯಜಮಾನರು ಇಪ್ಪತ್ತೇಳು ವರ್ಷದ ಹಿಂದೆ ಎರಡು ಹಾರನ್ನು, ಒಂದು ಆಂಪ್ಲಿಫಯರು ಇಟ್ಟುಕೊಂಡು ಶುರುಮಾಡಿದ ಕೆಲಸ. ಈಗ ಅದು ಆಳೆತ್ತರದ ಸ್ಪೀಕರುಗಳಾಗಿ, ಬಣ್ಣಬಣ್ಣದ ದೀಪಗಳಾಗಿ, ನೆಲದಿಂದ ಹೊಗೆ ಎಬ್ಬಿಸುವ ಒಂದು ಡಬ್ಬವಾಗಿ ಕೊಟ್ಟಿಗೆ ತುಂಬ ತುಂಬಿಕೊಂಡಿದೆ. ಅಲ್ಲಿದ್ದ ಎರಡು ಹಸುಗಳು ಹಿತ್ತಲಿನ ಶೀಟಿನ ಕೆಳಕ್ಕೆ ವರ್ಗವಾಗಿವೆ. ಮುಹೂರ್ತದ ಕೆಲಸ ಯಜಮಾನರದು. ಆರತಕ್ಷತೆಯ ಮತ್ತು ಬೀಗರೂಟದ ಕುಣಿತ ನನ್ನ ಮೈದುನ ಪುಟ್ಟಸ್ವಾಮಿಯದು. ಅವನಿಗೆ ನಲವತ್ತಮೂರು ವರ್ಷ. ವ್ಯಾನಿನ ಮೇಲೆ 'ಡಿಜೆ ಪುಟ್ಟು' ಎಂದು ಬರೆಸಿಕೊಂಡಿದ್ದಾನೆ. ಛತ್ರದೊಳಗೆ, ಟ್ಯೂಬ್‌ಲೈಟಿನ ಕೆಳಗೆ, ಕಪ್ಪು ಕನ್ನಡಕ ಹಾಕಿಕೊಂಡು ನಿಲ್ಲುತ್ತಾನೆ. ಒಂದು ಕಿವಿಗೆ ಹೆಡ್‌ಫೋನು, ಇನ್ನೊಂದು ಕಿವಿ ಊಟದ ಹಾಲಿನ ಕಡೆಗೆ. ಜನ ಕುಣಿಯುವುದು ತನ್ನ ಬೆರಳಿನ ಮಹಿಮೆಯಿಂದ ಎಂದು ಅವನ ನಂಬಿಕೆ. ಬಾಡೂಟ ಮುಗಿಸಿ ಬಂದವರು ಕುಕ್ಕರಿನ ಸೀಟಿಗೂ ಕುಣಿಯುತ್ತಾರೆ ಎಂದು ನನ್ನ ನಂಬಿಕೆ.

ಈ ಅಣ್ಣತಮ್ಮಂದಿರಿಬ್ಬರಿಗೂ ಹಾಡು ಜೋಡಿಸಿಕೊಡುವವಳು ನಾನು. ಕ್ಯಾಸೆಟ್ಟಿನ ಕಾಲದಿಂದಲೂ ಅದು ನನ್ನ ಪಾಲಿನ ಕೆಲಸ. ಈಗ ಎಲ್ಲ ಹಾಡೂ ಒಂದು ಕಪ್ಪು ಹಾರ್ಡ್‌ಡಿಸ್ಕಿನಲ್ಲಿವೆ. ಸಾಸಿವೆ ಡಬ್ಬ, ಮೆಂತ್ಯದ ಡಬ್ಬ ಇದ್ದ ಹಾಗೆ ಅದರೊಳಗೆ ನನ್ನ ಫೋಲ್ಡರುಗಳು. ಸಿನಿಮಾದ ಹೆಸರು, ಹಾಡಿದವರ ಹೆಸರು ಬರೆದಿಟ್ಟರೆ ಛತ್ರದಲ್ಲಿ ಯಾರಿಗೆ ಉಪಯೋಗ? ನನ್ನ ಫೋಲ್ಡರುಗಳ ಹೆಸರು 'ಹೆಣ್ಣು ಮಂಟಪಕ್ಕೆ ಬರುವಾಗ', 'ಹೆಣ್ಣು ಬರುವುದು ತಡವಾದಾಗ', 'ಮುನಿಸಿಕೊಂಡ ಬೀಗರು', 'ಎರಡನೇ ಪಂಕ್ತಿಗೆ ಅನ್ನ ಬೇಯುವ ತನಕ'. ಊರಿನ ಲೆಕ್ಕವೂ ಉಂಟು. ಶ್ರೀರಂಗಪಟ್ಟಣದ ಪೇಟೆಯ ಪೂಜಾರಿಕೆ ಮನೆಗಳವರಿಗೆ ಹಾಡು ಪಕ್ಕದ ಕೋಣೆಯಲ್ಲಿ ಯಾರೋ ಗುನುಗಿದಷ್ಟು ಕೇಳಿದರೆ ಸಾಕು. ಕಿರಂಗೂರಿನವರಿಗೆ ಅದು ಗದ್ದೆಯ ಆಚೆ ಬದಿಗೆ ಮುಟ್ಟಬೇಕು. ನಾಗಮಂಗಲದ ಕಡೆಯವರಿಗೆ ಹಾಡು ಕಿವಿಗೆ ಕೇಳುವುದು ಮುಖ್ಯವಲ್ಲ, ಎದೆಯ ಮೂಳೆಗೆ ಬಡಿಯಬೇಕು. ಲೋಟದೊಳಗಿನ ಪಾಯಸ ನಡುಗಿದರೆ "ಸೆಟ್ಟು ಚೆನ್ನಾಗದೆ" ಎನ್ನುತ್ತಾರೆ. ಕೆ.ಆರ್. ಪೇಟೆಯವರು ಮೊದಲು ಹಾಕಿದ ಯಾವ ಹಾಡಿಗೂ "ಇದಲ್ಲ ಕನ" ಎನ್ನುತ್ತಾರೆ. ಅವರಿಗೆಂದು 'ಇದಲ್ಲ' ಎಂಬ ಫೋಲ್ಡರೇ ಇದೆ. ಅದರಲ್ಲಿರುವುದು ಅವರು ಕೊನೆಗೆ ಒಪ್ಪಿಕೊಳ್ಳುವ ಆರು ಹಾಡು.

ಆಷಾಢದಲ್ಲಿ ಮದುವೆಗಳಿಲ್ಲ. ತಂತಿಗಳಿಗೆ ಟೇಪು ಸುತ್ತಿಕೊಂಡು ಮನೆಯಲ್ಲಿರಬೇಕಾದ ಪುಟ್ಟು ಮೈಸೂರಿಗೆ ಹೋಗಿ ಬಂದ. ಬಂದವನು ಚಪ್ಪಲಿಯನ್ನೂ ಬಿಡದೆ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು, "ಅತ್ಗೆ, ನಮ್ಮ ಹಾಡೆಲ್ಲ ಕೆಟ್ಟೋಗವೆ" ಎಂದ.

"ಹಾಡೇನು ಹಾಲೇನೋ ಕೆಡೋಕೆ? ಮೊನ್ನೆ ಚೆನ್ನಾಗೇ ಇದ್ವಲ್ಲ."

"ನಿಮ್ಮ ಕಿವಿಗೆ ಗೊತ್ತಾಗಕಿಲ್ಲ ಬುಡಿ. ಮೈಸೂರಲ್ಲಿ ಒಬ್ಬ ದೊಡ್ಡ ಡಿಜೆ ತೋರಿಸ್ದ. ಜಾಸ್ತಿ ಸೌಂಡ್ ಮಡಗಿ ರೆಕಾರ್ಡ್ ಮಾಡವ್ರಲ್ಲ, ಅದ್ಕೆ ಹಾಡಿನ ತಲೆ ತಲೆನೇ ಕತ್ತರ್ಸೋಗವೆ. ಈ ಸಾಫ್ಟ್‌ವೇರು ಆ ತಲೆಗಳ್ನ ತಿರ್ಗ ಬೆಳೆಸ್ತದೆ. ಗಲಾಟೆ ತೆಗೀತದೆ. ಎಲ್ಲ ಹಾಡ್ನೂ ಒಂದೇ ಮಟ್ಟಕ್ಕೆ ತರ್ತದೆ."

"ಕತ್ತರ್ಸೋದ ತಲೆ ಎಂಗಿತ್ತು ಅಂತ ಅದಕ್ಕೆಂಗೋ ಗೊತ್ತು?"

"ಊಹೆ ಮಾಡ್ತದೆ."

ಊಹೆ ಮಾಡುವವರು ನಮ್ಮ ಬೀದಿಯ ನಲ್ಲಿಯ ಹತ್ತಿರ ದಿನಾ ಬೆಳಿಗ್ಗೆ ಐದಾರು ಜನ ಸೇರುತ್ತಾರೆ. ಯಾರ ಮನೆಯಲ್ಲಿ ಏನಾಗಿರಬಹುದು ಎಂದು ಅವರು ಬೆಳೆಸುವ ತಲೆಗಳನ್ನು ನಾನು ಬಲ್ಲೆ. ಆ ವಿದ್ಯೆಗೆ ಇವನು ಮೈಸೂರಿಗೆ ಹೋಗಬೇಕಿತ್ತೇ? ಆದರೂ ಅವನು ಹಾಕಿ ತೋರಿಸಿದ. ಪರದೆಯ ಮೇಲೆ ಒಂದು ಹಾಡು ಸವರಿದ ಬೇಲಿಯ ಹಾಗೆ ಉದ್ದಕ್ಕೆ ಮಲಗಿತ್ತು. ಕೆಟ್ಟ ಜಾಗಕ್ಕೆಲ್ಲ ಕೆಂಪು, ಸರಿಯಿದ್ದರೆ ಹಸಿರು. ನಮ್ಮ ಹಾರ್ಡ್‌ಡಿಸ್ಕು ಪೂರ್ತಿ ದಡಾರ ಎದ್ದ ಮಗುವಿನಂತೆ ಕೆಂಪಾಯಿತು. ಅಪ್ಪಟ ಹಸಿರು ಬಿದ್ದದ್ದು ಒಂದೇ ಒಂದಕ್ಕೆ. ಯಾವ ಪುಣ್ಯಾತ್ಮ ಹಾಡಿದ್ದಪ್ಪ ಎಂದು ಹಾಕಿ ಕೇಳಿದೆ. ಏನೂ ಕೇಳಲಿಲ್ಲ. ಯಾವತ್ತೋ ಮೈಕಿನ ತಂತಿ ಚುಚ್ಚುವುದನ್ನು ಮರೆತು ಯಜಮಾನರು ರೆಕಾರ್ಡು ಮಾಡಿದ ನಾಲ್ಕು ನಿಮಿಷದ ಮೌನ ಅದು. ಆ ಸಾಫ್ಟ್‌ವೇರಿನ ಮನಸ್ಸಿನಲ್ಲಿ ಏನಿದೆ ಎಂದು ಅಲ್ಲೇ ತಿಳಿದುಕೊಳ್ಳಬೇಕಿತ್ತು. ಅಷ್ಟರಲ್ಲಿ ಪುಟ್ಟು, "ಒಂದೊಂದೇ ಫೋಲ್ಡರ್ ಹಾಕ್ಬೇಕು ಅತ್ಗೆ, ನಿಧಾನದ ಕೆಲ್ಸ. ಅಷ್ಟು ತಾಳ್ಮೆ ಇರೋರು ಈ ಮನೇಲಿ ನೀವೊಬ್ರೆ" ಎಂದುಬಿಟ್ಟ. ತಾಳ್ಮೆಯ ವಿಷಯದಲ್ಲಿ ಹೊಗಳಿದರೆ ನಾನು ಬಾವಿಗೂ ಇಳಿಯುತ್ತೇನೆ.

ಮೂರು ದಿನ ಕೂತೆ. ಒಂದು ಫೋಲ್ಡರು ಹಾಕುವುದು, ಹುಳಿ ಕುದಿಸುವುದು. ಇನ್ನೊಂದು ಹಾಕುವುದು, ಹಸುವಿಗೆ ಬೂಸಾ ಕಲಸುವುದು. ಪ್ರತಿ ಸಲವೂ ಅದು ಒಂದು ಪ್ರಶ್ನೆ ಕೇಳುತ್ತಿತ್ತು: ಹಳೆಯದನ್ನು ಬೇರೆ ಇಟ್ಟುಕೊಳ್ಳಬೇಕೋ, ತೆಗೆದುಹಾಕಬೇಕೋ? ನಮ್ಮ ಮನೆಯಲ್ಲಿ ಒಂದೇ ಪಾತ್ರೆಗೆ ಎರಡು ಮುಚ್ಚಳ ಇದ್ದರೆ ನನಗೆ ನಿದ್ದೆ ಬರುವುದಿಲ್ಲ. ಒಂದು ಹಾಡಿಗೆ ಎರಡು ಹಾಡು ಇಟ್ಟುಕೊಂಡು ಕಸ ಬೆಳೆಸಲೇ? 'ತೆಗೆದುಹಾಕು' ಎಂದು ಒತ್ತಿದೆ. ಪ್ರತಿ ಸಲವೂ ಒತ್ತಿದೆ. ಬೇಸರವಿಲ್ಲದೆ ಒತ್ತಿದೆ. ಕೊನೆಗೆ ಎಲ್ಲ ಹಸಿರಾಯಿತು. ನಾಲ್ಕೈದು ಹಾಡು ಕೇಳಿ ನೋಡಿದೆ. ತಮಟೆ ಹಾಸಿಗೆ ಕೊಡವಿದ ಹಾಗೆ ಕೇಳುತ್ತಿತ್ತು. ಊರವರೆಲ್ಲ ಸೇರಿ ಹಾಡಿದ್ದ ಸೋಬಾನೆ ಪದದಲ್ಲಿ ಒಬ್ಬಳನ್ನು ಬಿಟ್ಟು ಉಳಿದ ಹೆಂಗಸರೆಲ್ಲ ಎದ್ದುಹೋಗಿದ್ದರು. ಕುಣಿತದ ಹಾಡೊಂದು ಆಸ್ಪತ್ರೆಯಲ್ಲಿ ಮಾತಾಡುವವರ ಹಾಗೆ ತಗ್ಗಿದ ದನಿಯಲ್ಲಿ ಕುಣಿಯಿರಿ ಎಂದು ಬೇಡಿಕೊಂಡಿತು. ಪುಟ್ಟು ಕಣ್ಣು ಮುಚ್ಚಿ, "ಎಂಥ ಕ್ಲಿಯರು ಅತ್ಗೆ" ಎಂದ. ಕನ್ನಡಕ ಹಾಕಿಕೊಂಡೇ ಕಣ್ಣು ಮುಚ್ಚುವ ಮನುಷ್ಯನಿಗೆ ಏನು ಹೇಳುವುದು. ಹಸಿರು ಬಿದ್ದಿದೆಯಲ್ಲ, ತಪ್ಪು ನನ್ನ ಕಿವಿಯದೇ ಇರಬೇಕು ಎಂದು ನಾನೂ ಸುಮ್ಮನಾದೆ.

ಈಗ ಗಟ್ಟಿಮೇಳದ ವಿಷಯಕ್ಕೆ ಬರಬೇಕು. ತಾಳಿ ಕಟ್ಟುವ ಹೊತ್ತಿಗೆ ಪುರೋಹಿತರು ಬೆರಳೆತ್ತಿ "ಗಟ್ಟಿಮೇಳ" ಎನ್ನುತ್ತಾರೆ, ಓಲಗದವರು ಡೋಲನ್ನೂ ನಾಗಸ್ವರವನ್ನೂ ಇದ್ದಬದ್ದ ಶಕ್ತಿಯಿಂದ ಹೊಡೆದು ಊದುತ್ತಾರೆ. ಆ ಗಳಿಗೆಯಲ್ಲಿ ಯಾರಾದರೂ ಸೀನಿದರೆ, ಅತ್ತರೆ, ಆಡಬಾರದ್ದು ಆಡಿದರೆ ಗಂಡುಹೆಣ್ಣಿನ ಕಿವಿಗೆ ಬೀಳಬಾರದು ಎಂದೇ ಆ ಗದ್ದಲ. ಆದರೆ ಒಳ್ಳೆಯ ಮುಹೂರ್ತದ ದಿನ ಒಂದೇ ಓಲಗದವರು ಎರಡು ಛತ್ರ ಒಪ್ಪಿಕೊಂಡಿರುತ್ತಾರೆ. ಅಂಥ ಸಮಯಕ್ಕೆ ಮೈಕ್‌ಸೆಟ್ಟಿನವರ ಹತ್ತಿರ ರೆಕಾರ್ಡು ಗಟ್ಟಿಮೇಳ ಇರಬೇಕು. ನಮ್ಮದು ಹೆಸರಾದದ್ದು. ಕೆ.ಆರ್.ಎಸ್. ಹತ್ತಿರದ ಒಂದು ಮದುವೆಯಲ್ಲಿ ಯಜಮಾನರು ಟೇಪ್ ರೆಕಾರ್ಡರನ್ನು ಡೋಲಿನ ಬಾಯಿಗೇ ಹಿಡಿದು ತುಂಬಿಕೊಂಡದ್ದು. ಶಬ್ದ ತಾಳಲಾರದೆ ಟೇಪು ಒಡೆದ ದನಿಯಲ್ಲಿ ಅರಚುತ್ತದೆ. ಆ ಒಡಕೇ ಅದರ ಮಹತ್ವ. ಅದು ಮೊಳಗಿದರೆ ಪಕ್ಕದವನು ಕಿವಿಯಲ್ಲಿ ಕೂಗಿದರೂ ಕೇಳುವುದಿಲ್ಲ.

ಅದಕ್ಕೆ ಇನ್ನೊಂದು ಉಪಯೋಗವಿದೆ. ಆಂಪ್ಲಿಫಯರಿನ ಪಕ್ಕ ಕೂತು ಇಷ್ಟು ವರ್ಷ ನೋಡಿದವಳು ಹೇಳುತ್ತೇನೆ, ಕೇಳಿ. ಗಟ್ಟಿಮೇಳದ ಆ ಅರ್ಧ ನಿಮಿಷದಲ್ಲಿ ಛತ್ರದ ತುಂಬ ಬಾಯಿಗಳು ಅಲ್ಲಾಡುತ್ತಿರುತ್ತವೆ. ಅವೆಲ್ಲ ಆಶೀರ್ವಾದ ಎಂದು ತಿಳಿಯಬೇಡಿ. ಮದುವೆ ಮನೆಯಲ್ಲಿ ಮೂರು ದಿನದಿಂದ ನುಂಗಿಕೊಂಡದ್ದನ್ನೆಲ್ಲ ಹೆಂಗಸರು ಆಗ ಹೊರಗೆ ಹಾಕುತ್ತಾರೆ. ಅಕ್ಷತೆ ಒಂದು ಕಡೆ, ಮಾತು ಒಂದು ಕಡೆ. ಯಾರಿಗೂ ಕೇಳುವುದಿಲ್ಲ, ಯಾರಿಗೂ ನೋವಿಲ್ಲ, ಊಟಕ್ಕೆ ಕೂರುವಾಗ ಎಲ್ಲರ ಮುಖವೂ ಹಗುರ. ನನಗೂ ಆ ಅಭ್ಯಾಸವಿದೆ. ಗಂಟಲು ಪೂರ್ತಿ ಬಿಟ್ಟು ಆಡುವ ಅಭ್ಯಾಸ.

ಶ್ರಾವಣದಲ್ಲಿ ನಮ್ಮ ನಾದಿನಿ ಸಾಕಮ್ಮನ ಮಗನ ಮದುವೆ ಬಂತು. ಅವಳನ್ನು ಅಕ್ಕಿಹೆಬ್ಬಾಳಿಗೆ ಕೊಟ್ಟಿದೆ. ನನಗೂ ಅವಳಿಗೂ ಆರು ವರ್ಷ ಮಾತಿರಲಿಲ್ಲ. ನನ್ನ ಮಗಳ ಬೀಗರೂಟದ ದಿನ ಹತ್ತು ಜನರ ಮುಂದೆ ಅವಳು ಮುದ್ದೆಯನ್ನು ಬೆರಳಿನಿಂದ ಒತ್ತಿ ನೋಡಿ "ಗಂಟು" ಎಂದಿದ್ದಳು. ನಾನು ಅದಕ್ಕೆ ಕೊಟ್ಟ ಉತ್ತರ ಮುದ್ದೆಗಿಂತ ಗಟ್ಟಿಯಾಗಿತ್ತು. ಯಜಮಾನರಿಗೆ ಇರುವುದು ಒಬ್ಬಳೇ ತಂಗಿ. ಆರು ವರ್ಷವೂ ಆ ಮನುಷ್ಯ ಗೌರಿಹಬ್ಬದ ಬಾಗಿನ ಕೊಡಲು ಒಬ್ಬರೇ ಹೋಗಿ ಒಬ್ಬರೇ ಬರುತ್ತಿದ್ದರು. ಈಗ ಸಾಕಮ್ಮನೇ ಬಂದು ನನ್ನ ಹಣೆಗೆ ಕುಂಕುಮ ಇಟ್ಟು, "ಓಗ್ಲಿ ಬುಡತ್ಗೆ, ಮುಂದ್ ನಿಂತು ಮದ್ವೆ ಮಾಡ್ಕೊಡು" ಎಂದು ಕರೆದಳು. ಅವಳು ಹೋದ ಮೇಲೆ ಯಜಮಾನರು ಬಾಗಿಲಲ್ಲಿ ನಿಂತು, "ನೋಡು, ಈ ಸಲ ಒಸಿ ಬಾಯಿ ಇಡ್ಕೊ. ಇನ್ನೊಂದ್ ಸಲ ಕೆಟ್ರೆ ಅವ್ಳು ಈ ಮನೆ ಮೆಟ್ಲು ತುಳಿಯಕಿಲ್ಲ" ಎಂದರು. ಅವರು ನನ್ನನ್ನು ಏನನ್ನೂ ಕೇಳುವವರಲ್ಲ. ಹಿಡಿದುಕೊಳ್ಳುತ್ತೇನೆ ಎಂದು ಮಾತು ಕೊಟ್ಟೆ.

ಹಿಡಿದುಕೊಂಡೆ ಕೂಡ. ಚಪ್ಪರದ ದಿನ ಹಿಡಿದುಕೊಂಡೆ. ಆರತಕ್ಷತೆಯಲ್ಲಿ ಗಂಡುಹೆಣ್ಣು ಹೊಗೆಯ ಒಳಗಿಂದ, ಸುಟ್ಟ ಮನೆಯಿಂದ ಓಡಿಬರುವವರ ಹಾಗೆ ಕೆಮ್ಮುತ್ತ ವೇದಿಕೆಗೆ ಬಂದರೂ ಹಿಡಿದುಕೊಂಡೆ. ಸಾಕಮ್ಮ ಒಂದು ಸಂಜೆಗೆ ಮೂರು ಸೀರೆ ಬದಲಾಯಿಸಿ, ಮದುವಣಗಿತ್ತಿ ಯಾರೆಂದು ಜನ ಕೇಳುವ ಹಾಗೆ ಮಾಡಿದರೂ ಹಿಡಿದುಕೊಂಡೆ. ಮದುವೆಯ ಬೆಳಿಗ್ಗೆ ಅವಳು ನನಗೆ ತಟ್ಟೆಯಲ್ಲಿ ಸೀರೆ ಇಟ್ಟು ಕೊಟ್ಟಳು. ಗಿಣಿಹಸಿರು ಒಡಲು, ಕೆಂಪು ಅಂಚು. ಬಿಚ್ಚಿ ನೋಡಿದೆ. ಅದು ಅವಳ ಮನೆಯ ಗೃಹಪ್ರವೇಶಕ್ಕೆ ನಾನೇ ಕೊಟ್ಟ ಸೀರೆ. ಸೆರಗಿನ ಹತ್ತಿರ ಅಂಗಡಿಯವನು ಹಾಕಿದ್ದ ಇಂಕಿನ ಚುಕ್ಕೆ ಹಾಗೇ ಇತ್ತು. "ಚೆನ್ನಾಗದೆ ಸಾಕಮ್ಮ" ಎಂದು ನಕ್ಕೆ. ಆ ನಗುವಿಗೆ ಪಟ್ಟ ಕಷ್ಟಕ್ಕೆ ನನಗೆ ಯಾರಾದರೂ ಸನ್ಮಾನ ಮಾಡಬೇಕು. ಇನ್ನೇನು ಒಂದು ಗಂಟೆ, ಗಟ್ಟಿಮೇಳ ಬರುತ್ತದೆ ಎಂದು ಸಮಾಧಾನ ಮಾಡಿಕೊಂಡೆ.

ಮುಹೂರ್ತದ ಹೊತ್ತಿಗೆ ಓಲಗದವರು ಇನ್ನೂ ಕೆ.ಆರ್. ಪೇಟೆಯ ಇನ್ನೊಂದು ಛತ್ರದಲ್ಲಿದ್ದರು. ಯಜಮಾನರು ಸೋದರಮಾವನಾಗಿ ಮಂಟಪದ ಮೇಲೆ. ಆಂಪ್ಲಿಫಯರಿನ ಮುಂದೆ ಪುಟ್ಟು, ಅವನ ಪಕ್ಕ ನಾನು, ನನ್ನ ಪಕ್ಕ ಅವನ ಹೆಂಡತಿ ರತ್ನ. ಪುರೋಹಿತರು ಬೆರಳೆತ್ತಿದರು. ಪುಟ್ಟು ಒತ್ತಿದ. ಅವನ ಬೆರಳು ಇಳಿದದ್ದೇ ತಡ ನನ್ನ ಬಾಯಿ ತೆರೆಯಿತು. ಇಪ್ಪತ್ತೇಳು ವರ್ಷದ ಅಭ್ಯಾಸ ಅದು, ಕಿವಿಯನ್ನು ಕೇಳಿಕೊಂಡು ತೆರೆಯುವುದಿಲ್ಲ. "ಈ ಸೀರೆ ನಾನೇ ಇವ್ಳ ಗೃಹಪ್ರವೇಶಕ್ಕೆ ಕೊಟ್ಟಿದ್ದು ಕಣೆ ರತ್ನ. ಮಡಿಕೆನೂ ಬಿಚ್ದೆ ನಂಗೇ ತಿರ್ಗ ಮಡಗವ್ಳೆ. ತಾನು ಮೂರ್ ಮೂರು ಉಟ್ಕೊಂಡು ಮೆರೀತಾವ್ಳೆ, ಜಿಪುಣಿ."

ಹಿಂದೆಯೇ ಇರಬೇಕಾದ ಗುಡುಗು ಇರಲಿಲ್ಲ. ನಮ್ಮ ಗಟ್ಟಿಮೇಳ, ಕತ್ತರಿಸಿಹೋದ ತಲೆಗಳನ್ನೆಲ್ಲ ಬೆಳೆಸಿಕೊಂಡು, ಗಲಾಟೆಯನ್ನೆಲ್ಲ ಕಳೆದುಕೊಂಡು, ಮಗು ಮಲಗಿರುವ ಮನೆಗೆ ಬಂದ ನೆಂಟರ ಹಾಗೆ ಮೆಲ್ಲಗೆ ಪೀಪೀ ಎನ್ನುತ್ತಿತ್ತು. ಡೋಲು ಬಾಗಿಲು ತಟ್ಟಿದಷ್ಟು ಕೇಳುತ್ತಿತ್ತು. 'ಜಿಪುಣಿ' ಎಂಬ ಮಾತು ಛತ್ರದ ಹಿಂದಿನ ಗೋಡೆಗೆ ಹೋಗಿ ವಾಪಸು ಬಂತು. ಐನೂರು ಜನ ಅಕ್ಷತೆಯ ಕೈ ಎತ್ತಿದವರು ಎತ್ತಿದಂತೆಯೇ ತಿರುಗಿದರು. ಆ ನಿಶ್ಶಬ್ದದಲ್ಲಿ ಮಂಟಪದ ಮೇಲಿಂದ ಇನ್ನೊಂದು ದನಿ ಕೇಳಿತು. ಸಾಕಮ್ಮನದು. ಅವಳೂ ಪುರೋಹಿತರ ಬೆರಳನ್ನು ನೋಡಿಯೇ ಬಾಯಿ ತೆರೆದಿದ್ದಳು. ತನ್ನ ಮಾತಿನ ಭರದಲ್ಲಿ ನನ್ನದನ್ನು ಕೇಳಿಸಿಕೊಂಡಿರಲೇ ಇಲ್ಲ. ಪಕ್ಕದವಳ ಕಿವಿಗೆ ಬಾಯಿಟ್ಟು ಅರಚುತ್ತಿದ್ದಳು: "ನಮ್ಮತ್ಗೆ ಮುಖ ನೋಡು. ಅವ್ಳ ಗಂಟು ಮುದ್ದೆ ಅವ್ಳ ಗಂಟಲಲ್ಲೇ ಸಿಕ್ಕಾಕೊಂಡಂಗೆ ಕುಂತವ್ಳೆ."

ತಾಳಿ ಹೇಗೋ ಕೊರಳಿಗೆ ಬಿತ್ತು. ಪುಟ್ಟು ಸೌಂಡನ್ನು ಕೊನೆಯ ತನಕ ತಿರುಗಿಸಿದ, ಪೀಪೀ ಸ್ವಲ್ಪ ದೊಡ್ಡ ಪೀಪೀ ಆಯಿತು, ಅಷ್ಟೇ. ಯಜಮಾನರು ಮಂಟಪದ ಮೇಲಿಂದ ನನ್ನನ್ನು ನೋಡಿದರು. ಬೈದಿದ್ದರೆ ಚೆನ್ನಾಗಿತ್ತು. ಊಟದಲ್ಲಿ ಸಾಕಮ್ಮ ನನ್ನ ಸಾಲಿಗೆ ಬರಲಿಲ್ಲ. ನಾನು ಪಾಯಸ ಮುಟ್ಟಲಿಲ್ಲ.

ಎಂಟು ದಿನ ನಮ್ಮ ಮನೆಯಲ್ಲಿ ಮಾತಿಲ್ಲ. ಒಂಬತ್ತನೆಯ ದಿನ ಮಧ್ಯಾಹ್ನ ಸಾಕಮ್ಮ ಒಬ್ಬಳೇ ಬಂದು ಬಾಗಿಲಲ್ಲೇ ನಿಂತು, "ಪುಟ್ಟು ಅವ್ನಾ?" ಎಂದಳು. ಅವನಿರಲಿಲ್ಲ. ಇದ್ದಿದ್ದರೂ ಅಟ್ಟ ಹತ್ತಿರುತ್ತಿದ್ದ. ಅವಳ ಕೈಯಲ್ಲಿ ಮದುವೆ ವಿಡಿಯೋದ ಪೆನ್‌ಡ್ರೈವು. ನಾಳೆ ಬೀಗರು ಬರುತ್ತಾರಂತೆ, ವಿಡಿಯೋ ಹಾಕಿ ನೋಡಬೇಕಂತೆ. ತಾಳಿಯ ಜಾಗದಲ್ಲಿ ನಮ್ಮಿಬ್ಬರ ಮಾತೂ ಹಾಗೇ ಇದೆಯಂತೆ. "ಅದೆಂತದೋ ಗಲಾಟೆ ತೆಗೆಯೋದು ನಿಮ್ಮನೇಲೇ ಅದಂತಲ್ಲ. ಅದ್ರಲ್ಲೇ ತೆಗೆದ್ಕೊಡಿ. ಅವತ್ತು ಕೇಳ್ದೋರು ಇನ್ನೊಂದ್ ಸಲ ಕೇಳೋದ್ ಬ್ಯಾಡ, ಸೊಸೆ ಕಡೆಯೋರ ಮುಂದೆ ನನ್ ಮಾನ ಉಳೀಲಿ" ಎಂದಳು. ನನ್ನ ಮುಖ ನೋಡದೆ ಎಂದಳು. ಅವಳ ಮಾನ ಮಾತ್ರವಲ್ಲ, ಅವಳು ಈ ಮನೆಯ ಮೆಟ್ಟಿಲು ತುಳಿಯುವುದು ಇದೇ ಕೊನೆಯೋ ಏನೋ ಎಂಬುದೂ ಆ ಪೆನ್‌ಡ್ರೈವಿನೊಳಗೇ ಇದೆ ಎಂದು ನನಗೆ ಅರ್ಥವಾಯಿತು. ಕುರ್ಚಿ ಎಳೆದುಕೊಂಡೆ.

ಆ ಒಂದೂವರೆ ನಿಮಿಷವನ್ನು ಸಾಫ್ಟ್‌ವೇರಿಗೆ ಕೊಟ್ಟೆ. ಗಲಾಟೆ ತೆಗೆ ಎಂದೆ. ಅದು ಶ್ರದ್ಧೆಯಿಂದ ತೆಗೆಯಿತು. ಮಂತ್ರ ತೆಗೆಯಿತು. ಪೀಪೀ ತೆಗೆಯಿತು. ಮಕ್ಕಳು, ಫ್ಯಾನು, ಐನೂರು ಜನ, ಎಲ್ಲ ತೆಗೆದು ಬೆಣ್ಣೆಯಿಂದ ಕೂದಲು ಎತ್ತಿದ ಹಾಗೆ ಎರಡನ್ನು ಮಾತ್ರ ಉಳಿಸಿ ಹಸಿರು ಗುರುತು ಹಾಕಿತು. ಒಂದು ನನ್ನ ಮಾತು, ಇನ್ನೊಂದು ಅವಳದು. ಎಷ್ಟು ಸ್ಪಷ್ಟವೆಂದರೆ ನಾನು 'ಜಿಪುಣಿ' ಎನ್ನುವ ಮುಂಚೆ ಉಸಿರು ಎಳೆದುಕೊಂಡದ್ದೂ ಕೇಳಿತು. ಇಷ್ಟು ವರ್ಷ ಸಂಸಾರ ಮಾಡಿದ ಮನೆಯಲ್ಲಿ ನನ್ನ ಮಾತನ್ನು ಯಾರೂ ಅಷ್ಟು ಗಮನವಿಟ್ಟು ಕೇಳಿಸಿಕೊಂಡದ್ದಿಲ್ಲ. ಸಾಕಮ್ಮ ಸ್ಟೂಲಿನ ಮೇಲೆ ಕುಸಿದು, "ಇದ್ಯಾವ ಸೀಮೆ ಮಿಷನ್ನು ತಂದವ್ನೆ ನಮ್ ಪುಟ್ಟ?" ಎಂದಳು. ಆರು ವರ್ಷದಲ್ಲಿ ನಾವಿಬ್ಬರೂ ಒಪ್ಪಿದ ಮೊದಲ ಮಾತು ಅದು.

ತಾಳಿಯ ಜಾಗವನ್ನೇ ಮೂಕ ಮಾಡಿದರೆ ಬೀಗರು ಬಿಡುತ್ತಾರೆಯೇ? ಉಳಿದದ್ದು ಒಂದೇ ದಾರಿ. ಹಳೆಯ ಗಟ್ಟಿಮೇಳ ಎಲ್ಲಿಂದಾದರೂ ಬರಬೇಕು, ಬಂದು ಇವೆರಡರ ಮೇಲೆ ಕೂರಬೇಕು. ಮನೆಯಲ್ಲಿದ್ದದ್ದನ್ನು ನಾನೇ 'ತೆಗೆದುಹಾಕು' ಎಂದು ಒತ್ತಿ ಹಾಕಿದ್ದೆ. ಯಜಮಾನರ ಟೇಪು ಎಂದೋ ಬೂಷ್ಟು ಹಿಡಿದು ಹೋಗಿತ್ತು. ಆದರೆ ನಾಗಮಂಗಲದಲ್ಲಿ ಒಬ್ಬ ಮೈಕ್‌ಸೆಟ್ಟಿನವನಿದ್ದಾನೆ. ಬಹಳ ಹಿಂದೆ ಒಂದು ಛತ್ರದಲ್ಲಿ ನಮ್ಮವರು ಊಟಕ್ಕೆ ಹೋದಾಗ ನಮ್ಮ ಗಟ್ಟಿಮೇಳವನ್ನು ನಕಲು ಮಾಡಿಕೊಂಡವನು. ಅವನು ಕಳ್ಳ ಎಂದು ನಾನು ನಾಲ್ಕು ತಾಲ್ಲೂಕಿಗೂ ಸಾರಿದ್ದೆ. ಅವನಿಗೆ ನಾನೇ ಫೋನು ಮಾಡಿದೆ. ವಿಷಯ ಕೇಳಿ ಅವನು, "ಕದ್ದಿದ್ದು ಒಳ್ಳೇದಾಯ್ತು ಅನ್ನಿ ಅಕ್ಕ" ಎಂದ. ಅಂದೆ. ಏನು ಮಾಡುವುದು, ಅಂದೆ. ಐದು ನಿಮಿಷದಲ್ಲಿ ಫೋನಿಗೆ ಕಳಿಸಿದ.

ಅದನ್ನು ವಿಡಿಯೋದ ಮೇಲೆ ಇಟ್ಟು, ಕೊಟ್ಟಿಗೆಯ ಒಂದು ದೊಡ್ಡ ಸ್ಪೀಕರಿಗೆ ಚುಚ್ಚಿ, ಪೂರ್ತಿ ತಿರುಗಿಸಿ ಹಾಕಿದೆ. ಶೀಟುಗಳು ನಡುಗಿದವು. ಹಿತ್ತಲಿನಲ್ಲಿ ಹಸುಗಳು ಎದ್ದು ನಿಂತವು. ಒಡೆದ ಡೋಲು, ಹರಿದ ನಾಗಸ್ವರ, ಕೆಂಪು ಗುರುತಿನ ಆ ದೋಷವೆಲ್ಲ ಒಟ್ಟಿಗೆ ಬಂದು ನಮ್ಮಿಬ್ಬರ ಮಾತನ್ನು ನುಂಗಿ ಹಾಕಿತು. ಪರದೆಯ ಮೇಲೆ ನನ್ನ ಬಾಯಿ ಅಲ್ಲಾಡುತ್ತಿತ್ತು, ಅವಳ ಬಾಯಿ ಅಲ್ಲಾಡುತ್ತಿತ್ತು. ಯಾರು ನೋಡಿದರೂ ಇಬ್ಬರು ಹೆಂಗಸರು ಮನಸಾರೆ ಹರಸುತ್ತಿದ್ದಾರೆ ಎನ್ನಬೇಕು. ನಾನು ತಿರುಗಿ ಸಾಕಮ್ಮನನ್ನು ನೋಡಿದೆ. ಸ್ಟೂಲಿನ ಮೇಲೆ ಕೂತಿದ್ದ ಅವಳು ನನ್ನ ಮುಖವನ್ನೇ ನೋಡುತ್ತ, ಕತ್ತಿನ ನರ ಉಬ್ಬುವ ಹಾಗೆ ಏನೋ ಅನ್ನುತ್ತಿದ್ದಳು. ಒಂದು ಅಕ್ಷರವೂ ಕೇಳಲಿಲ್ಲ. ಸಾಕಷ್ಟು ಉದ್ದದ್ದೇ ಇತ್ತು. ನಾನೂ ಬಿಡಲಿಲ್ಲ, ನನ್ನ ಪಾಲಿನದನ್ನು ಅಂದೆ. ಗಟ್ಟಿಮೇಳ ನಿಂತಾಗ ಇಬ್ಬರ ಬಾಯಿಯೂ ಒಟ್ಟಿಗೆ ಮುಚ್ಚಿತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, "ಕಾಪಿ ಮಡಗತ್ಗೆ, ಮೂರೂವರೆ ಬಸ್ಸಿಗೆ ಓಗ್ಬೇಕು" ಎಂದಳು. ನಾನು ಹಾಲು ಒಲೆಯ ಮೇಲಿಟ್ಟೆ.

ಸಾಯಂಕಾಲ ಯಜಮಾನರು ಬಂದು, ತೊಳೆಯದೆ ಇಟ್ಟಿದ್ದ ಎರಡು ಲೋಟ ನೋಡಿ, "ಯಾರು ಬಂದಿದ್ರು?" ಎಂದರು. ಹೇಳಿದೆ. "ಏನಾರ ಅಂದ್ಳಾ?" ಎಂದು ಹೆದರುತ್ತ ಕೇಳಿದರು. "ಅಂದ್ಳು. ಕೇಳಲಿಲ್ಲ" ಎಂದೆ. "ನೀನು?" ಎಂದರು. ನಾನು ಅಂದದ್ದನ್ನು ಅವರಿಗೂ ಹೇಳಲಿಲ್ಲ, ಇಲ್ಲಿಯೂ ಬರೆಯುವುದಿಲ್ಲ. ಸಾಕಮ್ಮ ಓದು ಬಲ್ಲವಳು, ಪುಸ್ತಕಕ್ಕೆ ಗಟ್ಟಿಮೇಳ ಹಾಕಲು ಬರುವುದಿಲ್ಲ.